ಸೆಂಟ್ರಲ್ ಸಿಟಿಯ ಒಪೆರಾ ಹೌಸ್: ಕಟ್ಟಿದವರು ಗಣಿ ಕೆಲಸಗಾರರೇ, ಊರಿನ ಶ್ರೀಮಂತರೇ?

ಬೆಟ್ಟದಹಾದಿ (ಡೆನ್ವರ್):

ಮಾನ್ಯರೇ, ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ನಾನು ಒಂಬತ್ತು ವರ್ಷಗಳಿಂದ ನೆಲೆಸಿದ್ದೇನೆ. ಇಲ್ಲಿಂದ ಪಶ್ಚಿಮಕ್ಕೆ ಬೆಟ್ಟದ ದಾರಿ ಹಿಡಿದು ಒಂದು ಗಂಟೆ ಸಾಗಿದರೆ, ಸಮುದ್ರಮಟ್ಟದಿಂದ ಸುಮಾರು 8,500 ಅಡಿ ಎತ್ತರದಲ್ಲಿ ಸೆಂಟ್ರಲ್ ಸಿಟಿ ಎಂಬ ಪುಟ್ಟ ಊರು ಸಿಗುತ್ತದೆ. ಈಗ ಅಲ್ಲಿಗೆ ಬರುವವರಲ್ಲಿ ಬಹುಪಾಲು ಜನ ಕ್ಯಾಸಿನೊಗಳಿಗಾಗಿ ಬರುತ್ತಾರೆ. ಆದರೆ ಅದೇ ಊರಿನ ಯುರೇಕಾ ಬೀದಿಯಲ್ಲಿ, 1878ರ ಮಾರ್ಚ್ 4ರಂದು ಬಾಗಿಲು ತೆರೆದ ಕಲ್ಲಿನ ಒಪೆರಾ ಹೌಸ್ ಒಂದಿದ್ದು, ಅದರಲ್ಲಿ ಇಂದಿಗೂ ಬೇಸಿಗೆಯಲ್ಲಿ ಒಪೆರಾಗಳು, ಅಂದರೆ ಹಾಡಿನ ಮೂಲಕ ಕಥೆ ಹೇಳುವ ಪಾಶ್ಚಾತ್ಯ ಸಂಗೀತ ನಾಟಕಗಳು, ನಡೆಯುತ್ತವೆ. ಕಳೆದ ವರ್ಷ ಅಲ್ಲೊಂದು ಪ್ರದರ್ಶನ ನೋಡಿ ಬಂದಮೇಲೆ ಅದರ ಮೊದಲ ದಿನಗಳ ಕುರಿತು ಓದತೊಡಗಿದೆ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಲ್ಲವರು ತಿದ್ದಬೇಕೆಂದು ಕೋರುತ್ತೇನೆ.

1859ರ ಮೇ ತಿಂಗಳಲ್ಲಿ ಜಾರ್ಜಿಯಾದಿಂದ ಬಂದ ಜಾನ್ ಗ್ರೆಗರಿ ಎಂಬಾತನಿಗೆ ಈ ಕಣಿವೆಯಲ್ಲಿ ಚಿನ್ನದ ಅದಿರಿನ ಪದರ ಸಿಕ್ಕಿತು. ಕೆಲವೇ ವಾರಗಳಲ್ಲಿ ಸಾವಿರಾರು ಜನ ಬಂದು ಸೇರಿದರು. ಮೇಲ್ಪದರದ ಚಿನ್ನವನ್ನು ಬೇರ್ಪಡಿಸುವುದು ಸುಲಭವಾಗಿತ್ತು. ಆಳಕ್ಕೆ ಹೋದಂತೆ ಗಂಧಕ ಬೆರೆತ ಗಡಸು ಅದಿರು ಎದುರಾಗಿ, ಗಿರಣಿಗಳು ಅದನ್ನು ಎಷ್ಟು ಕುಟ್ಟಿದರೂ ಚಿನ್ನ ಕೈಗೆ ಬರದೆ, 1860ರ ದಶಕದ ನಡುವಿನಲ್ಲಿ ಊರು ಹೆಚ್ಚುಕಡಿಮೆ ಕೈಚೆಲ್ಲಿ ಕೂತಿತು. ನಥಾನಿಯಲ್ ಹಿಲ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕ ವೇಲ್ಸ್‌ನ ಸ್ವಾನ್ಸೀಗೆ ಹೋಗಿ ಅದಿರು ಕರಗಿಸುವ ಕ್ರಮವನ್ನು ಅಭ್ಯಾಸ ಮಾಡಿ ಬಂದು, ಪಕ್ಕದ ಬ್ಲ್ಯಾಕ್ ಹಾಕ್ ಊರಿನಲ್ಲಿ ಕುಲುಮೆ ಸ್ಥಾಪಿಸಿದ ಮೇಲೆ ಗಣಿಗಳಿಗೆ ಮತ್ತೆ ಜೀವ ಬಂತು. ಆಳದ ಬಂಡೆ ಕೊರೆಯುವ ಕೆಲಸಕ್ಕೆ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಪ್ರಾಂತದಿಂದ ಗಣಿಗಾರರು ಸಂಸಾರ ಸಮೇತ ಬಂದರು. ಅವರು ಕೈಯಲ್ಲಿ ಸುತ್ತಿಗೆ, ಉಳಿ ಹಿಡಿದು ಬಂದಂತೆ ನಾಲಗೆಯಲ್ಲಿ ಹಾಡನ್ನೂ ಹೊತ್ತು ಬಂದರು ಎಂದು ಇಲ್ಲಿನವರು ಹೇಳುತ್ತಾರೆ.

1877ರ ಏಪ್ರಿಲ್‌ನಲ್ಲಿ ಊರಿನ ಹವ್ಯಾಸಿಗಳು ಸೇರಿ ಬೆಲ್ವಿಡಿಯರ್ ಎಂಬ ರಂಗಮಂದಿರದಲ್ಲಿ ಸಂಗೀತ ಸಂಯೋಜಕ ಬಾಲ್ಫ್ ಅವರ ‘ದಿ ಬೊಹೆಮಿಯನ್ ಗರ್ಲ್’ ಒಪೆರಾವನ್ನು ಆಡಿದರು. ಅದಕ್ಕೆ ಸಿಕ್ಕ ಮನ್ನಣೆಯ ಹುಮ್ಮಸ್ಸಿನಲ್ಲಿ, ನಮ್ಮ ಊರಿಗೆ ತಕ್ಕ ಒಪೆರಾ ಹೌಸ್ ಬೇಕೆಂಬ ಮಾತು ಹುಟ್ಟಿ, ಸಂಘ ಕಟ್ಟಿ, ಹಣ ಕೂಡಿಸಿ, ಒಂದು ವರ್ಷದೊಳಗೆ ಕಟ್ಟಡವನ್ನು ಎಬ್ಬಿಸಿಯೇ ಬಿಟ್ಟರು. ವೆಚ್ಚ ಸುಮಾರು 23,000 ಡಾಲರ್. ವಾಸ್ತುಶಿಲ್ಪಿ ಡೆನ್ವರಿನ ರಾಬರ್ಟ್ ರೋಷ್‌ಲಾಬ್. ಒಳಗಿನ ಚಾವಣಿಗೆ ಮತ್ತು ಗೋಡೆಗೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂದ ಜಾನ್ ಮ್ಯಾಸ್‌ಮನ್ ಚಿತ್ರ ಬರೆದರು. ಉದ್ಘಾಟನೆ ಎರಡು ಸಂಜೆ ನಡೆಯಿತು: ಮೊದಲ ದಿನ ಸಂಗೀತ, ಎರಡನೆಯ ದಿನ ನಾಟಕ.

ಗಣಿಯಲ್ಲಿ ದುಡಿಯುವ ಜನ ತಮಗಾಗಿ ತಾವೇ ಒಪೆರಾ ಹೌಸ್ ಕಟ್ಟಿಕೊಂಡದ್ದು ನನಗೆ ಬಹಳ ಅಪರೂಪದ ಸಂಗತಿಯಾಗಿ ಕಾಣುತ್ತದೆ.

ತಕರಾರಿನವನು:

ಬೆಟ್ಟದಹಾದಿಯವರೇ, ಲೇಖನ ಚೆನ್ನಾಗಿದೆ. ಆದರೆ ನಿಮ್ಮ ಕೊನೆಯ ವಾಕ್ಯಕ್ಕೆ ನನ್ನ ತಕರಾರು ಇದೆ. ಆ ಕಾಲದ ಗಣಿ ಕೂಲಿ ದಿನಕ್ಕೆ ಮೂರು ಡಾಲರಿನ ಆಸುಪಾಸು. 23,000 ಡಾಲರ್ ಎಂದರೆ ಒಬ್ಬ ಗಣಿಗಾರ ವರ್ಷಕ್ಕೆ ಮುನ್ನೂರು ದಿನದಂತೆ ಇಪ್ಪತ್ತೈದು ವರ್ಷ ದುಡಿದು ಒಂದು ಕಾಸೂ ಖರ್ಚು ಮಾಡದೆ ಕೂಡಿಟ್ಟರೆ ಆಗುವ ಮೊತ್ತ. ಸಂಘ ಕಟ್ಟಿ ಹಣ ಕೂಡಿಸುವ ಇಂಥ ಕಾರ್ಯದಲ್ಲಿ ಯಾವ ಊರಿನಲ್ಲಾದರೂ ಮುಂದೆ ನಿಲ್ಲುವವರು ವರ್ತಕರು, ವಕೀಲರು, ಬ್ಯಾಂಕಿನವರು ಮತ್ತು ಗಣಿಮಾಲೀಕರು. ಡೆನ್ವರಿನ ವೃತ್ತಿನಿರತ ವಾಸ್ತುಶಿಲ್ಪಿಯನ್ನೂ ಸ್ಯಾನ್ ಫ್ರಾನ್ಸಿಸ್ಕೊದ ಚಿತ್ರಕಾರನನ್ನೂ ಕರೆಸಿದವರ ಕೈಯಲ್ಲಿ ಉಳಿ ಸುತ್ತಿಗೆ ಇದ್ದಿರಲಾರದು, ಲೆಕ್ಕದ ಪುಸ್ತಕ ಇದ್ದಿರಬೇಕು. ‘ಗಣಿಗಾರರು ಕಟ್ಟಿದ ಒಪೆರಾ ಹೌಸ್’ ಎಂಬುದು ಪ್ರವಾಸಿಗರಿಗೆ ಹೇಳಲು ಹಿತವಾದ ಮಾತು. ಇತಿಹಾಸವನ್ನು ಬರೆಯುವಾಗ ‘ಕಟ್ಟಿದರು’ ಎಂಬ ಕ್ರಿಯಾಪದದ ಕರ್ತೃ ಯಾರು ಎಂದು ಕೇಳಲೇಬೇಕಾಗುತ್ತದೆ.

ಬೆಟ್ಟದಹಾದಿ (ಡೆನ್ವರ್):

ನಿಮ್ಮ ಲೆಕ್ಕ ಸರಿ. ಹಣದ ವಿಷಯದಲ್ಲಿ ನಾನು ಅವಸರದಿಂದ ಬರೆದೆನೆಂದು ಒಪ್ಪುತ್ತೇನೆ. ಆದರೆ ಊರಿನ ಗಾತ್ರವನ್ನೂ ಗಮನಿಸಬೇಕು. 1880ರ ಜನಗಣತಿಯಲ್ಲಿ ಸೆಂಟ್ರಲ್ ಸಿಟಿಯ ಜನಸಂಖ್ಯೆ ಸುಮಾರು 2,600. ಇಷ್ಟು ಚಿಕ್ಕ ಊರಿನಲ್ಲಿ ವಕೀಲರು, ವರ್ತಕರು ಎಷ್ಟಿದ್ದಾರು? ನೂರಾರು ಆಸನಗಳ ಸಭಾಂಗಣವನ್ನು ಅವರು ತಮ್ಮ ಮನೆಯವರಿಗಾಗಿ ಮಾತ್ರ ಕಟ್ಟಿಸಿರಲಾರರು. ಟಿಕೆಟ್ ಕೊಂಡು ಬರುವ ಜನ ಗಣಿಯಿಂದಲೇ ಬರಬೇಕಿತ್ತು.

ಕಲ್ಲುಕುಟಿಗ:

ನಾನು ಕಟ್ಟಡಗಳ ದುರಸ್ತಿ ಕೆಲಸ ಮಾಡುವ ಸಿವಿಲ್ ಎಂಜಿನಿಯರ್. ಸಂಗೀತದ ಬಗ್ಗೆ ಮಾತಾಡುವ ಅರ್ಹತೆ ನನಗಿಲ್ಲ. ಗೋಡೆಗಳ ಬಗ್ಗೆ ಎರಡು ಮಾತು ಹೇಳುತ್ತೇನೆ.

ಆ ಕಟ್ಟಡದ ಗೋಡೆಗಳ ದಪ್ಪ ನಾಲ್ಕು ಅಡಿ. ಇದನ್ನು ಅಲಂಕಾರಕ್ಕಾಗಿ ಮಾಡಿದ್ದೆಂದು ತಿಳಿಯಬಾರದು. 1874ರ ಮೇ 21ರಂದು ಸೆಂಟ್ರಲ್ ಸಿಟಿಯಲ್ಲಿ ಬೆಂಕಿ ಬಿದ್ದು, ಸುಮಾರು 150 ಕಟ್ಟಡಗಳು ಸುಟ್ಟುಹೋದವು. ಅಲ್ಲಿಯವರೆಗೆ ಊರಿನ ನಾಟಕಗಳಿಗೆ ನೆಲೆಯಾಗಿದ್ದ ಮರದ ಮಾಂಟಾನಾ ಥಿಯೇಟರ್ ಕೂಡ ಬೂದಿಯಾಯಿತು. 1872ರಲ್ಲಿ ಕಟ್ಟಿದ್ದ ಇಟ್ಟಿಗೆಯ ಟೆಲ್ಲರ್ ಹೌಸ್ ಹೋಟೆಲು ಉಳಿದುಕೊಂಡಿತು. ಈ ಎರಡು ದೃಶ್ಯಗಳನ್ನು ಒಂದೇ ದಿನ ಕಣ್ಣಾರೆ ಕಂಡ ಊರಿನವರು ಮುಂದೆ ಮರದ ಗೋಡೆಯನ್ನು ನಂಬಿರಲಿಲ್ಲ. ಬೆಂಕಿಯ ತರುವಾಯ ಎದ್ದ ಸೆಂಟ್ರಲ್ ಸಿಟಿಯೆಲ್ಲ ಕಲ್ಲು ಮತ್ತು ಇಟ್ಟಿಗೆಯದು. ಒಪೆರಾ ಹೌಸಿನ ದಪ್ಪ ಗೋಡೆಯನ್ನು ಆ ಭಯದ ಅಳತೆಯೆಂದೇ ನಾನು ಓದುತ್ತೇನೆ.

ಎರಡನೆಯದು, ಆ ಊರು ಕಡಿದಾದ ಇಳಿಜಾರಿನಲ್ಲಿದೆ. ಇಳಿಜಾರಿನಲ್ಲಿ ಮನೆ ಕಟ್ಟಲು ಮೊದಲು ಮಣ್ಣು ಕುಸಿಯದಂತೆ ತಡೆಗೋಡೆ ಬೇಕು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಗೋಡೆ ಏರಿಸುವುದರಲ್ಲಿ ಕಾರ್ನ್‌ವಾಲಿನವರು ನಿಪುಣರು. ಅವರು ಕಟ್ಟಿದ ಅಂಥ ಗೋಡೆಗಳು ಸೆಂಟ್ರಲ್ ಸಿಟಿಯ ಓಣಿಗಳಲ್ಲಿ ಇಂದಿಗೂ ನಿಂತಿವೆ. ಆದ್ದರಿಂದ ತಕರಾರಿನವರ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ದುಡ್ಡು ಯಾರದಾದರೂ ಆಗಿರಲಿ, ಕಲ್ಲನ್ನು ಹೇಗೆ ಕೂರಿಸಬೇಕೆಂಬ ತಿಳಿವಳಿಕೆ ಆ ಊರಿನ ಕೈಗಳಲ್ಲೇ ಇತ್ತು. ಮರಗೆಲಸವನ್ನು ವಹಿಸಿಕೊಂಡದ್ದೂ ಅದೇ ಊರಿನ ಪೀಟರ್ ಮ್ಯಾಕ್‌ಫರ್ಲೇನ್ ಅವರ ಕಂಪನಿ.

ಇನ್ನೊಂದು ವಿಷಯ, ಇದು ಮೂಲ ಚರ್ಚೆಗೆ ಸ್ವಲ್ಪ ಹೊರಗಿನದು. ರೈಲು 1872ರಲ್ಲೇ ಬ್ಲ್ಯಾಕ್ ಹಾಕ್ ತಲುಪಿತ್ತು. ಅಲ್ಲಿಂದ ಸೆಂಟ್ರಲ್ ಸಿಟಿ ರಸ್ತೆಯಲ್ಲಿ ಒಂದೇ ಮೈಲಿ. ಆದರೆ ಏರು ಎಷ್ಟು ಕಡಿದೆಂದರೆ, ಆ ಒಂದು ಮೈಲಿ ದಾರಿಯ ಏರನ್ನು ಹತ್ತಲು ಹಳಿಗಳನ್ನು ಹಿಂದುಮುಂದಾಗಿ ತಿರುಗಿಸುತ್ತ ಸುಮಾರು ನಾಲ್ಕು ಮೈಲಿ ಹಾಕಬೇಕಾಯಿತು. ಆ ಕೆಲಸ ಮುಗಿದದ್ದು 1878ರಲ್ಲಿ, ಒಪೆರಾ ಹೌಸ್ ತೆರೆದ ಮೇಲೆ. ಉದ್ಘಾಟನೆಗೆ ಡೆನ್ವರಿನಿಂದ ಬಂದವರು ಬ್ಲ್ಯಾಕ್ ಹಾಕ್‌ನಲ್ಲಿ ರೈಲಿನಿಂದ ಇಳಿದು ಮಾರ್ಚ್ ತಿಂಗಳ ಚಳಿಯಲ್ಲಿ ಆ ಏರನ್ನು ಹತ್ತಬೇಕಾಗಿತ್ತು.

ಊರಿಗಾಂ ಮೊಮ್ಮಗ:

ಕಾರ್ನ್‌ವಾಲ್ ಎಂಬ ಹೆಸರು ನೋಡಿದೊಡನೆ ಬರೆಯಲು ಕುಳಿತೆ. ನಮ್ಮ ತಾತನವರು ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ಪಾಳಿ ಕೆಲಸ ಮಾಡಿದವರು. ನಾವು ಚಿಕ್ಕವರಿದ್ದಾಗ ‘ಕಾರ್ನಿಷ್ ದೊರೆ’ಗಳ ಕಥೆ ಹೇಳುತ್ತಿದ್ದರು.

1866ರಲ್ಲಿ ತಾಮ್ರದ ಬೆಲೆ ನೆಲಕಚ್ಚಿದಾಗ ಕಾರ್ನ್‌ವಾಲಿನ ಗಣಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿನವರು ಗುಂಪು ಗುಂಪಾಗಿ ಅಮೆರಿಕಕ್ಕೆ, ಆಸ್ಟ್ರೇಲಿಯಕ್ಕೆ, ದಕ್ಷಿಣ ಆಫ್ರಿಕಕ್ಕೆ ಹೋದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗಳನ್ನು ವಹಿಸಿಕೊಂಡ ಬಳಿಕ ಅದೇ ಜನರಲ್ಲಿ ಕೆಲವರು ನಮ್ಮ ಬಂಗಾರಪೇಟೆಯ ಆಚೆಗೂ ಬಂದರು. ಹಾಗಾಗಿ ಸೆಂಟ್ರಲ್ ಸಿಟಿಯ ಹಾಡುಗಾರರೂ ನಮ್ಮ ಗಣಿಯ ದೊರೆಗಳೂ ಒಂದೇ ನಾಡಿನ ಮಕ್ಕಳು.

ಆದರೆ ಎಷ್ಟು ವ್ಯತ್ಯಾಸ ನೋಡಿ. ಅಮೆರಿಕದ ಆ ಬೆಟ್ಟದಲ್ಲಿ ಕಾರ್ನಿಷ್ ಗಣಿಗಾರ ಕೂಲಿಯವನು. ಅವನ ಮೇಲೆ ಮಾಲೀಕರಿದ್ದರು. ಕೋಲಾರದಲ್ಲಿ ಅವನೇ ಮೇಲ್ವಿಚಾರಕ; ಅವನ ಕೆಳಗೆ ತಮಿಳು, ತೆಲುಗು, ಕನ್ನಡದ ಕೂಲಿಗಳಿದ್ದರು. ಅವನ ಕ್ಲಬ್ಬಿನ ಬಾಗಿಲಲ್ಲಿ ನಮ್ಮ ತಾತನಂಥವರು ಒಳಗಿನ ಪಿಯಾನೊ ಕೇಳಿಸಿಕೊಂಡರೇ ಹೊರತು ಒಳಗೆ ಕಾಲಿಡಲಿಲ್ಲ. ಅದೇ ಜನ, ಅದೇ ಹಾಡು. ಒಂದು ಕಡೆ ಅದು ಊರಿನ ಒಪೆರಾ ಹೌಸ್ ಆಯಿತು, ಇನ್ನೊಂದು ಕಡೆ ದೊರೆಗಳ ಕ್ಲಬ್ಬಾಗಿಯೇ ಉಳಿಯಿತು. ಜನರ ಗುಣಕ್ಕಿಂತ ಆ ಜಾಗದಲ್ಲಿ ಅವರು ಯಾವ ಮೆಟ್ಟಿಲ ಮೇಲೆ ನಿಂತಿದ್ದರು ಎಂಬುದೇ ಇದನ್ನು ನಿರ್ಧರಿಸಿತೆಂದು ನನ್ನ ಅನಿಸಿಕೆ.

ಸರಿಗಮ:

ಊರಿಗಾಂ ಮೊಮ್ಮಗನವರ ಮಾತು ಮನಸ್ಸಿಗೆ ನಾಟಿತು. ನಾನು ಹಾಡಿನ ಕಡೆಯಿಂದ ಇದನ್ನು ನೋಡುತ್ತೇನೆ.

ಕಾರ್ನ್‌ವಾಲಿನ ಬಹುಸಂಖ್ಯಾತರು ಮೆಥಡಿಸ್ಟ್ ಪಂಥದ ಕ್ರೈಸ್ತರು. ಮೆಥಡಿಸ್ಟರಲ್ಲಿ ಸಾಮೂಹಿಕ ಗಾಯನ ಪೂಜೆಯ ಜೀವಾಳ. ವಾರವಿಡೀ ಸುರಂಗದಲ್ಲಿದ್ದವರು ಭಾನುವಾರ ನಾಲ್ಕು ಸ್ವರಭಾಗಗಳಲ್ಲಿ ಹಾಡುವುದು ಅವರಿಗೆ ರೂಢಿ. ಸೆಂಟ್ರಲ್ ಸಿಟಿಯ ಸೇಂಟ್ ಜೇಮ್ಸ್ ಮೆಥಡಿಸ್ಟ್ ಚರ್ಚು ಇರುವುದು ಒಪೆರಾ ಹೌಸ್ ಇರುವ ಯುರೇಕಾ ಬೀದಿಯಲ್ಲೇ. ಕಲಿತ ಕಂಠಗಳಿಗೆ ಅಲ್ಲಿ ಬರವಿರಲಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಆದರೆ ಅದೇ ಮೆಥಡಿಸ್ಟರು ನಾಟಕಶಾಲೆಯನ್ನು ಅನುಮಾನದಿಂದ ಕಾಣುತ್ತಿದ್ದವರು. ಕುಡಿತ, ಜೂಜು, ನಾಟಕ, ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಉಪದೇಶಗಳನ್ನು ಕೇಳಿ ಬೆಳೆದವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ನೂರಾರು ಸಣ್ಣ ಊರುಗಳಲ್ಲಿ ಕಟ್ಟಿದ ನಾಟಕಶಾಲೆಗಳಿಗೆ ‘ಒಪೆರಾ ಹೌಸ್’ ಎಂಬ ಹೆಸರಿಟ್ಟದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ‘ಥಿಯೇಟರ್’ ಎಂದರೆ ಮೂಗು ಮುರಿಯುವ ಮನೆಯವರು ‘ಒಪೆರಾ ಹೌಸ್’ ಎಂದರೆ ಹೆಂಡತಿ ಮಕ್ಕಳೊಂದಿಗೆ ಬರುತ್ತಿದ್ದರು. ಅಂಥ ಬಹುತೇಕ ಊರುಗಳಲ್ಲಿ ಒಪೆರಾ ನಡೆದದ್ದು ಅಪರೂಪ. ನಡೆದದ್ದು ಅಲೆಮಾರಿ ಕಂಪನಿಗಳ ನಾಟಕ, ಉಪನ್ಯಾಸ, ಶಾಲೆಯ ಪದವಿ ಸಮಾರಂಭ, ಕುಸ್ತಿ. ಸೆಂಟ್ರಲ್ ಸಿಟಿಯ ವಿಶೇಷವಿರುವುದು ಇಲ್ಲಿಯೇ: ಇತರೆಡೆ ಮೊದಲು ಕಟ್ಟಡ, ಆಮೇಲೆ ಒಪೆರಾ ಬಂದರೆ ಬಂತು, ಇಲ್ಲಿ ಮೊದಲು ಒಪೆರಾ ಬಂತು, ಆಮೇಲೆ ಅದಕ್ಕೊಂದು ಮನೆ ಕಟ್ಟಿದರು.

ಅವರು ಆರಿಸಿಕೊಂಡ ಕೃತಿಯನ್ನೂ ಗಮನಿಸಿ. ಬಾಲ್ಫ್ ಡಬ್ಲಿನ್‌ನಲ್ಲಿ ಹುಟ್ಟಿದವರು. ಆ ಒಪೆರಾ 1843ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರದರ್ಶನಗೊಂಡಿತು. ಅದರ ಸಾಹಿತ್ಯ ಇಟಾಲಿಯನ್ ಅಲ್ಲ, ಇಂಗ್ಲಿಷ್. ರಾಗಗಳು ಸುಲಭವಾಗಿ ನಾಲಗೆಗೆ ಹತ್ತುವಂಥವು. ಹಾಡುವವರಿಗೂ ಕೇಳುವವರಿಗೂ ಅರ್ಥವಾಗುವ ಭಾಷೆಯಲ್ಲಿ ದೊಡ್ಡ ಮೇಳಗಾನಕ್ಕೆ ಅವಕಾಶವಿರುವ ಕೃತಿಯನ್ನು ಹಿಡಿದದ್ದು ಜಾಣತನ. ನಮ್ಮ ಕಂಪನಿ ನಾಟಕದವರ ಮಾತಿನಲ್ಲಿ ಹೇಳುವುದಾದರೆ, ಅವರಿಗೆ ಬೇಕಾಗಿದ್ದದ್ದು ಊರಿಗೆಲ್ಲ ತಾಲೀಮು ಕೊಡಬಲ್ಲ ಸಂಗೀತ ನಾಟಕ.

ಆದ್ದರಿಂದ ‘ಕಟ್ಟಿದವರು ಯಾರು’ ಎಂಬ ಪ್ರಶ್ನೆಗೆ ಷೇರುದಾರರ ಪಟ್ಟಿಯಲ್ಲಿ ಉತ್ತರ ಹುಡುಕಿದರೆ ಸಾಲದು. ತಾಲೀಮಿನ ಕೋಣೆಯಲ್ಲಿಯೂ ಹುಡುಕಬೇಕು.

ಹೊಸಬ1:

ಒಂದು ಸಣ್ಣ ಪ್ರಶ್ನೆ. ಕಟ್ಟಡ ಕಟ್ಟಿದ ಮೇಲೆ ಅದು ಲಾಭದಲ್ಲಿ ನಡೆಯಿತೇ?

ಬೆಟ್ಟದಹಾದಿ (ಡೆನ್ವರ್):

ನಡೆಯಲಿಲ್ಲ, ಮತ್ತು ಅದಕ್ಕೆ ಕಾರಣಗಳು ಉದ್ಘಾಟನೆಯ ವರ್ಷದಲ್ಲೇ ಕಾಣಿಸಿಕೊಂಡವು. 1878ರಲ್ಲಿ ಹಿಲ್ ಅವರ ಕುಲುಮೆ ಬ್ಲ್ಯಾಕ್ ಹಾಕ್ ಬಿಟ್ಟು ಡೆನ್ವರ್ ಬಳಿಯ ಆರ್ಗೋಗೆ ಸ್ಥಳಾಂತರವಾಯಿತು. ಅದೇ ಹೊತ್ತಿಗೆ ಲೆಡ್‌ವಿಲ್‌ನಲ್ಲಿ ಬೆಳ್ಳಿ ಸಿಕ್ಕಿ, ಹಣ ಹೂಡುವವರ ಕಣ್ಣು ಅತ್ತ ತಿರುಗಿತು. ಬೆಳ್ಳಿಯಲ್ಲಿ ಸಿರಿವಂತನಾದ ಹೊರೇಸ್ ಟೇಬರ್ 1879ರಲ್ಲಿ ಲೆಡ್‌ವಿಲ್‌ನಲ್ಲಿ ಒಂದು, 1881ರಲ್ಲಿ ಡೆನ್ವರಿನಲ್ಲಿ ಇನ್ನೊಂದು ಒಪೆರಾ ಹೌಸ್ ಕಟ್ಟಿಸಿದ. ಡೆನ್ವರಿನದಂತೂ ವೈಭವದಲ್ಲಿ ಸೆಂಟ್ರಲ್ ಸಿಟಿಯದನ್ನು ಎಲ್ಲ ರೀತಿಯಲ್ಲೂ ಮೀರಿಸಿತು. ದೊಡ್ಡ ಕಂಪನಿಗಳು ಬೆಟ್ಟ ಹತ್ತುವ ಬದಲು ಬಯಲಿನಲ್ಲೇ ಉಳಿದವು.

ಕೆಲವೇ ವರ್ಷಗಳಲ್ಲಿ ಒಪೆರಾ ಹೌಸನ್ನು ಕೌಂಟಿಯ ನ್ಯಾಯಾಲಯವಾಗಿ ಮಾರ್ಪಡಿಸುವ ಪ್ರಸ್ತಾವ ಬಂದಿತ್ತು. ಊರಿನವರು ಅದನ್ನು ವಿರೋಧಿಸಿ ಕಟ್ಟಡವನ್ನು ರಂಗಮಂದಿರವಾಗಿಯೇ ಉಳಿಸಿಕೊಂಡರು. ತಕರಾರಿನವರ ಗಮನಕ್ಕೆ ಇದನ್ನು ವಿಶೇಷವಾಗಿ ತರುತ್ತಿದ್ದೇನೆ. ಕಟ್ಟುವಾಗ ಶ್ರೀಮಂತರು ಮುಂದಿದ್ದಿರಬಹುದು. ಉಳಿಸುವಾಗ ಮಾತಾಡಿದ್ದು ಊರು. ಒಂದು ಕಟ್ಟಡ ಸಮುದಾಯದ್ದೋ ಅಲ್ಲವೋ ಎಂಬುದು ಅದನ್ನು ಕಟ್ಟಿದ ದಿನಕ್ಕಿಂತ ಕಳೆದುಕೊಳ್ಳುವ ದಿನ ಹೆಚ್ಚು ಸ್ಪಷ್ಟವಾಗುತ್ತದೆ ಎಂದು ನನಗೆ ತೋರುತ್ತದೆ.

ಕಾಲಕ್ರಮದಲ್ಲಿ ಅದರ ಒಡೆತನ ಮರಗೆಲಸ ಮಾಡಿಸಿದ್ದ ಪೀಟರ್ ಮ್ಯಾಕ್‌ಫರ್ಲೇನ್ ಅವರ ಕೈಗೆ ಬಂತು. ತಾನೇ ತೊಲೆ ಏರಿಸಿದ ಕಟ್ಟಡ ಕಣ್ಣೆದುರು ಮುಚ್ಚಿಹೋಗುವುದನ್ನು ಅವರು ಸಹಿಸಲಿಲ್ಲವೆಂದು ಕಾಣುತ್ತದೆ. ಮೂಕಿಚಿತ್ರಗಳ ಕಾಲದಲ್ಲಿ ಅಲ್ಲಿ ಸಿನಿಮಾ ತೋರಿಸಿದರು. ಕೊನೆಗೆ 1920ರ ದಶಕದಲ್ಲಿ ಬಾಗಿಲು ಹಾಕಬೇಕಾಯಿತು.

ತಕರಾರಿನವನು:

ನ್ಯಾಯಾಲಯದ ಪ್ರಸಂಗ ನನ್ನ ವಾದವನ್ನು ಅರ್ಧ ಸಡಿಲಿಸುತ್ತದೆ, ಒಪ್ಪುತ್ತೇನೆ. ಉಳಿದ ಅರ್ಧವನ್ನು ಹೇಳಿ ಮುಗಿಸುತ್ತೇನೆ.

ಕಲ್ಲುಕುಟಿಗರು 1874ರ ಬೆಂಕಿಯ ಪ್ರಸ್ತಾಪ ಮಾಡಿದರು. ಆ ಬೆಂಕಿಯ ಅಪವಾದವನ್ನು ಆಗ ಹೊರಿಸಿದ್ದು ಊರಿನಲ್ಲಿದ್ದ ಚೀನೀಯರ ಮೇಲೆ. ಅವರೂ ಅದೇ ಕಣಿವೆಯಲ್ಲಿ ಬಟ್ಟೆ ಒಗೆಯುತ್ತ, ಇತರರು ಬಿಟ್ಟುಹೋದ ಮರಳನ್ನು ಜಾಲಿಸಿ ಚಿನ್ನದ ಕಣ ಹುಡುಕುತ್ತ ಬದುಕುತ್ತಿದ್ದವರು. ‘ಸಮುದಾಯದ ಒಪೆರಾ ಹೌಸ್’ ಎನ್ನುವಾಗ ಆ ಸಮುದಾಯದ ಬೇಲಿ ಎಲ್ಲಿತ್ತು ಎಂದು ಕೇಳದಿದ್ದರೆ, ಊರಿಗಾಂ ಮೊಮ್ಮಗನವರು ಹೇಳಿದ ಕ್ಲಬ್ಬಿನ ಬಾಗಿಲು ಸೆಂಟ್ರಲ್ ಸಿಟಿಯಲ್ಲಿ ಇರಲೇ ಇಲ್ಲವೆಂದು ನಾವು ನಂಬಿಬಿಡುತ್ತೇವೆ. ಬಾಗಿಲು ಅಲ್ಲಿಯೂ ಇತ್ತು. ಬೇರೆಯವರ ಮುಂದೆ ಮುಚ್ಚಿತ್ತು, ಅಷ್ಟೆ.

ಇನ್ನೊಂದು. ನಾವಿಂದು ಕೇಳುವ ಕಥೆಗೆ ಈ ರೂಪ ಬಂದದ್ದು 1878ರಲ್ಲಲ್ಲ, 1932ರಲ್ಲಿ. ಆ ಮರುಹುಟ್ಟಿನ ಸಂಗತಿಯನ್ನು ಬೆಟ್ಟದಹಾದಿಯವರು ಬರೆದರೆ ಒಳ್ಳೆಯದು.

ಸರಿಗಮ:

ಅದನ್ನು ನಾನೇ ಬರೆಯುತ್ತೇನೆ, ಏಕೆಂದರೆ ಅದು ಇಬ್ಬರು ಹೆಂಗಸರ ಕೆಲಸ. ಈ ಚರ್ಚೆಯಲ್ಲಿ ಇದುವರೆಗೆ ಒಬ್ಬ ಹೆಣ್ಣುಮಗಳ ಹೆಸರೂ ಬಂದಿಲ್ಲ.

ಪೀಟರ್ ಮ್ಯಾಕ್‌ಫರ್ಲೇನ್ ತೀರಿಕೊಂಡ ಮೇಲೆ, 1931ರಲ್ಲಿ ಅವರ ವಾರಸುದಾರರು ಪಾಳುಬಿದ್ದಿದ್ದ ಕಟ್ಟಡವನ್ನು ಡೆನ್ವರ್ ವಿಶ್ವವಿದ್ಯಾಲಯಕ್ಕೆ ದಾನವಾಗಿ ಕೊಟ್ಟರು. ಇದರ ಹಿಂದೆ ಇದ್ದವರು ಆ ಮನೆಯ ಸೊಸೆ, ಅದೇ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಐಡಾ ಕ್ರೂಸ್ ಮ್ಯಾಕ್‌ಫರ್ಲೇನ್, ಮತ್ತು ಕೊಲರಾಡೊ ಪ್ರಾಂತದ ಹಿಂದಿನ ಗವರ್ನರ್ ಜಾನ್ ಇವಾನ್ಸ್ ಅವರ ಮಗಳು ಆನ್ ಇವಾನ್ಸ್. ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ತತ್ತರಿಸುತ್ತಿದ್ದಾಗ ಇವರು ದುರಸ್ತಿಗೆ ಹಣ ಕೂಡಿಸಬೇಕಾಗಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ ಕುರ್ಚಿಗಳದು. 100 ಡಾಲರ್ ಕೊಟ್ಟವರು ಹಿಕರಿ ಮರದ ಕುರ್ಚಿಯೊಂದರ ಮೇಲೆ ಕೊಲರಾಡೊದ ಹಳೆಯ ತಲೆಮಾರಿನ ಒಬ್ಬರ ಹೆಸರನ್ನು ಕೆತ್ತಿಸಬಹುದಿತ್ತು. ಮ್ಯಾಸ್‌ಮನ್ ಬರೆದಿದ್ದ ಚಿತ್ರಗಳಿಗೆ ಚಿತ್ರಕಾರ ಆಲೆನ್ ಟ್ರೂ ಮರಳಿ ಕಳೆ ತಂದರು. 1932ರ ಜುಲೈ 16ರಂದು, ರಾಬರ್ಟ್ ಎಡ್ಮಂಡ್ ಜೋನ್ಸ್ ಅವರ ನಿರ್ದೇಶನದಲ್ಲಿ ಚಿತ್ರನಟಿ ಲಿಲಿಯನ್ ಗಿಶ್ ‘ಕಮೀಲ್’ ನಾಟಕದ ಮುಖ್ಯ ಪಾತ್ರ ವಹಿಸಿದರು. ಒಪೆರಾ ಹೌಸಿನ ಎರಡನೆಯ ಬದುಕು ಒಪೆರಾದಿಂದಲ್ಲ, ನಾಟಕದಿಂದ ಆರಂಭವಾಯಿತೆಂಬುದು ಒಂದು ತಮಾಷೆ.

ತಕರಾರಿನವರ ಮಾತಿನ ಸತ್ಯ ಆ ಕುರ್ಚಿಗಳಲ್ಲಿದೆ. ಯಾರ ಹೆಸರು ಕೆತ್ತಬೇಕೆಂದು ನಿರ್ಧರಿಸಿದವರು 100 ಡಾಲರ್ ಕೊಡಬಲ್ಲವರು. ಬೊಹೆಮಿಯನ್ ಗರ್ಲ್‌ನ ಮೇಳದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡಿದವರೆಲ್ಲರಿಗೂ ದಾನಿಗಳು ಸಿಕ್ಕಿರಲಾರರು.

ಊರಿಗಾಂ ಮೊಮ್ಮಗ:

ಬೆಟ್ಟದಹಾದಿಯವರೇ, ನೀವು ಅಲ್ಲಿ ಯಾರ ಹೆಸರಿನ ಕುರ್ಚಿಯಲ್ಲಿ ಕುಳಿತಿದ್ದಿರಿ?

ಬೆಟ್ಟದಹಾದಿ (ಡೆನ್ವರ್):

ನನಗೆ ಟಿಕೆಟ್ ಸಿಕ್ಕಿದ್ದು ಮೇಲಿನ ಬಾಲ್ಕನಿಯಲ್ಲಿ. ಈಗ ಇರುವುದು 550 ಆಸನಗಳಷ್ಟೇ ಆದ್ದರಿಂದ ಬಾಲ್ಕನಿಯಿಂದಲೂ ಹಾಡುವವರ ಮುಖ ಕಾಣುತ್ತದೆ. ಮಧ್ಯಂತರದಲ್ಲಿ ಕೆಳಗಿಳಿದು ಕುರ್ಚಿಗಳ ಹೆಸರುಗಳನ್ನು ಓದುತ್ತ ನಡೆದೆ. ಆಗ ಅವು ನನಗೆ ಬರಿಯ ಹೆಸರುಗಳಾಗಿದ್ದವು. ಇದೇ ಜುಲೈನಲ್ಲಿ ಮತ್ತೆ ಹೋಗುತ್ತಿದ್ದೇನೆ. ಈ ಸಲ ಪ್ರದರ್ಶನಕ್ಕೆ ಮೊದಲು ಸೇಂಟ್ ಜೇಮ್ಸ್ ಚರ್ಚಿಗೂ ಹೋಗಿ ಬರುತ್ತೇನೆ. ಕಲ್ಲುಕುಟಿಗರು ಹೇಳಿದ ಗಾರೆಯಿಲ್ಲದ ಗೋಡೆಗಳ ಚಿತ್ರಗಳನ್ನು ತೆಗೆದು ಇಲ್ಲಿ ಹಾಕುತ್ತೇನೆ.